ಹದಿನಾಲ್ಕನೆಯ ಗೆರೆ

ಏಳನೆಯ ಡಬ್ಬಿಯನ್ನು ಅವರು ಹುಡುಗಿಯ ಸಮಾಧಿಯೊಳಗೆ ಇಟ್ಟರು. ತಲೆಯ ಕಡೆಯ ಮೂರು ಕಲ್ಲು ತೆಗೆದು, ಡಬ್ಬಿ ಕೂರುವಷ್ಟು ಜಾಗ ಮಾಡಿ, ಆ ಮೂರೂ ಕಲ್ಲನ್ನು ಮತ್ತೆ ಮೊದಲಿನಂತೆ ಮುಚ್ಚಿದರು. ಅದೇ ದಾರಿಯಲ್ಲಿ ಇನ್ನೂರು ಹೆಜ್ಜೆ ಆಚೆ ಹುಡುಗಿಯ ತಾಯಿ ಮುಳ್ಳು ಸವರುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಅವಳನ್ನು ಎಲ್ಲರೂ ಕತ್ತಿಯಕ್ಕ ಎನ್ನುತ್ತಿದ್ದರು. ಉದ್ದ ಹಿಡಿಯ ಕತ್ತಿಯನ್ನು ಹೆಗಲಿಗೇರಿಸಿ ಬೆಳಗಾದರೆ ಕಾಲುದಾರಿಗೆ ಇಳಿಯುವವಳು. ಹೊಲಗಳ ಅಂಚು, ಬೇಲಿಗಳ ನಡುವಿನ ಸಂದು, ಕೊಳದ ಏರಿ, ಹಳೆಯ ಕಲ್ಲುಗಣಿಯ ಸುತ್ತು. ಒಟ್ಟು ಒಂಬತ್ತು ಕಿಲೋಮೀಟರ್. ಒಂದು ತುದಿಯಿಂದ ಸವರುತ್ತ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿಯಲ್ಲಿ ಮತ್ತೆ ಹುಲ್ಲು ಮಂಡಿಗೆ ಬಂದಿರುತ್ತಿತ್ತು. 'ನಿಮ್ಮ ಕೆಲಸ ಎಂದೂ ಹೋಗಲ್ಲ ಬಿಡಿ, ಹುಲ್ಲು ಇರೋ ತನಕ ನೀವು ಪರ್ಮನೆಂಟು' ಎಂದು ಸೂಪರ್‌ವೈಸರ್ ನಗುತ್ತಿದ್ದ.

ಗಣಿಯಲ್ಲಿ ಕಲ್ಲು ಮುಗಿದ ಮೇಲೆ ಅದರ ಯಜಮಾನರು ಕೈಕಟ್ಟಿ ಕೂರಲಿಲ್ಲ. ಕಲ್ಲು ಮಾರಿದವರು ದಾರಿ ಮಾರಲು ಹೊರಟರು. ಹಳೆಯ ತೂಕದ ಮನೆಗೆ ಬಣ್ಣ ಹೊಡೆಸಿ ಆಫೀಸು ಮಾಡಿದರು; ಮುಂದೆ 'ನಿಧಿ ನಡಿಗೆ' ಎಂಬ ಬೋರ್ಡು. ಪಟ್ಟಣದ ಜನ ರಜೆಯ ದಿನ ಬರುತ್ತಾರೆ. ಮೊಬೈಲಿನಲ್ಲಿ ಒಂದು ಬಾಣ ದಿಕ್ಕು ತೋರಿಸುತ್ತದೆ. ಬಾಣ ನಿಂತ ಕಡೆ, ಮರದ ಪೊಟರೆಯಲ್ಲೋ ಗೋಡೆಯ ಬಿರುಕಿನಲ್ಲೋ ಬಚ್ಚಿಟ್ಟ ಡಬ್ಬಿ ಹುಡುಕಬೇಕು. ಡಬ್ಬಿಗೆ ನಂಬರಿನ ಬೀಗ. ಪುಸ್ತಿಕೆಯ ಒಗಟು ಬಿಡಿಸಿದರೆ ನಂಬರು ಸಿಕ್ಕುತ್ತದೆ. ಒಳಗಿನ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು, ಅಲ್ಲಿಂದ ಒಂದು ಸಾಮಾನು ತೆಗೆದುಕೊಂಡು, ಬದಲಿಗೆ ತಮ್ಮದೊಂದು ಇಟ್ಟು, ಮುಂದಿನ ಡಬ್ಬಿಗೆ ನಡೆಯಬೇಕು. ಹನ್ನೆರಡು ಡಬ್ಬಿ ಮುಗಿಸಿದವರಿಗೆ ಎದೆಗೆ ಚುಚ್ಚಿಕೊಳ್ಳಲು ಒಂದು ಪದಕ.

ದಾರಿ ತೆರೆಯುವ ಹಿಂದಿನ ದಿನ ಸೂಪರ್‌ವೈಸರ್ ಕತ್ತಿಯಕ್ಕನನ್ನು ಕರೆದುಕೊಂಡು ಒಂದೊಂದೇ ಡಬ್ಬಿ ತೋರಿಸುತ್ತ ಬಂದ. ನೋಟ್‌ಬುಕ್ಕು ನೆನೆದರೆ ಬದಲಿಸುವುದು, ಪೆನ್ಸಿಲು ಚೂಪು ಮಾಡುವುದು ಇನ್ನು ಅವಳದೇ ಕೆಲಸ. ಗಣಿಯ ತಿರುವಿನಲ್ಲಿ ಅವನು ನಿಂತ. ನಿಲ್ಲಿಸಿದ ಒಂದು ಕಲ್ಲು. ಅದರ ಮುಂದೆ ಮೊಣಕಾಲೆತ್ತರದ ಕಲ್ಲಿನ ಗುಡ್ಡೆ. ಅವನು ಬಗ್ಗಿ ಒಂದು ಕಲ್ಲು ಎತ್ತಿದ.

"ಇದು ಏಳು," ಎಂದ.

"ಇದು ನನ್ನ ಮಗಳು," ಎಂದಳು.

ಅವನು ಕೈಯಲ್ಲಿದ್ದ ಪಟ್ಟಿ ನೋಡಿದ. ಮತ್ತೆ ಗುಡ್ಡೆ ನೋಡಿದ. ಮತ್ತೆ ಪಟ್ಟಿ.

"ಇಲ್ಲಿ ಏಳು ಅಂತಿದೆಯಲ್ಲಕ್ಕಾ."

ಅವನು ಆ ಊರಿಗೆ ಬಂದು ಎರಡು ವರ್ಷವಾಗಿತ್ತು. ಅವನಿಗೆ ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಗೊತ್ತಿದ್ದವರು ಬೇರೆ ಇದ್ದರು.

ಐದು ವರ್ಷದ ಹಿಂದೆ, ಸಿಡಿಮದ್ದು ಹಾರಿಸುವ ಮುನ್ನ ಕೂಗಬೇಕಾದ ಗಣಿಯ ಸೈರನ್ನು ಕೆಟ್ಟು ಹನ್ನೊಂದು ದಿನವಾಗಿತ್ತು. ಸರಿಮಾಡಿಸುತ್ತೇವೆ ಎಂದು ಹನ್ನೊಂದು ದಿನವೂ ಹೇಳಿದ್ದರು. ಅಪ್ಪನಿಗೆ ಊಟದ ಕ್ಯಾರಿಯರ್ ತಂದಿದ್ದ ಹುಡುಗಿ ಹೊಂಡದ ಅಂಚಿನಲ್ಲಿ ಕೂತಿದ್ದಳು. ಒಂಬತ್ತು ವರ್ಷ. ಗಣಿಯ ಆಳುಗಳಿಗೆಂದು ಕಟ್ಟಿದ ಲೈನಿನ ಕೋಣೆಗಳಲ್ಲೆಲ್ಲ ಅವಳಿಗೆ ಯಾಕಮ್ಮ ಎಂದೇ ಹೆಸರು. ಕಲ್ಲು ಯಾಕೆ ಬಿಸಿ, ಕಪ್ಪೆಗೆ ಯಾಕೆ ಬಾಲ ಇಲ್ಲ, ಯಜಮಾನರ ನಾಯಿಗೆ ಯಾಕೆ ಬೇರೆ ಮನೆ, ನಮಗ್ಯಾಕೆ ಒಂದೇ ಕೋಣೆ. ಅವಳಿಗೆ ಉತ್ತರ ಹೇಳಿ ಸುಸ್ತಾದವರು ಬಾಯಿಗೆ ಬೆಲ್ಲ ಹಾಕಿ ಕಳಿಸುತ್ತಿದ್ದರು. ಬೆಲ್ಲ ಚೀಪುತ್ತ 'ಇದು ಯಾಕೆ ಕೊಟ್ರಿ?' ಎಂದು ಕೇಳುತ್ತಿದ್ದಳು.

ಪಟ್ಟಣದ ಸ್ಮಶಾನದ ಗುಮಾಸ್ತ ವಿಳಾಸದ ಕಾಗದ ಕೇಳಿದ. ಲೈನಿನ ಕೋಣೆಗಳಿಗೆ ನಂಬರಿತ್ತು, ವಿಳಾಸವಿರಲಿಲ್ಲ. 'ಸದ್ಯಕ್ಕೆ ಆ ತಿರುವಿನಲ್ಲಿ ಮಣ್ಣು ಮಾಡ್ಕೊಳ್ಳಿ' ಎಂದರು ಯಜಮಾನರು. ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಹುಡುಗಿಯ ಅಪ್ಪ ಕಲ್ಲುಕುಟಿಗ. ತಲೆಯ ಕಡೆ ನಿಲ್ಲಿಸಲು ತಾನೇ ಒಂದು ಕಲ್ಲು ಸೀಳಿದ. ಹೆಸರು ಕೆತ್ತಲು ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅವನ ಮನೆಯಲ್ಲಿ ಅಕ್ಷರ ಬರುತ್ತಿದ್ದ ಒಬ್ಬಳೇ ಒಬ್ಬಳು ಕಲ್ಲಿನ ಕೆಳಗಿದ್ದಳು. ಅವನು ಒಂಬತ್ತು ಗೆರೆ ಕೊರೆದ. ವರ್ಷಕ್ಕೊಂದು.

ಮರುವರ್ಷ ಅವಳು ಹುಟ್ಟಿದ ದಿನ ಬಂದಾಗ ಉಳಿ ಸುತ್ತಿಗೆ ತೆಗೆದುಕೊಂಡು ಹೋಗಿ ಹತ್ತನೆಯದನ್ನು ಕೊರೆದು ಬಂದ. ಹೆಂಡತಿ ಕೇಳಿದಳು. "ಮಕ್ಕಳು ಬೆಳೀತಾವೆ ಕಣೆ," ಎಂದ. "ಎಲ್ಲಿದ್ರೂ." ಅಲ್ಲಿಂದ ಮುಂದೆ ಅವಳೂ ಜೊತೆಗೆ ಹೋಗತೊಡಗಿದಳು. ಹತ್ತಕ್ಕೆ ಒಂದು ಬಾಚಣಿಗೆ ಇಟ್ಟಳು. ಹನ್ನೊಂದಕ್ಕೆ ಕೂದಲಿನ ಕ್ಲಿಪ್ಪು. ಹನ್ನೆರಡಕ್ಕೆ ಅಂಗಡಿಯ ಮುಂದೆ ತುಂಬ ಹೊತ್ತು ನಿಂತು, ಹನ್ನೆರಡು ವರ್ಷದ ಹುಡುಗಿಗೆ ಏನು ಬೇಕಾಗುತ್ತದೆ ಎಂದು ಅಂಗಡಿಯವಳನ್ನೇ ಕೇಳಿ, ಒಂದು ಸಣ್ಣ ಕನ್ನಡಿ ಕೊಂಡಳು. ಹದಿಮೂರಕ್ಕೆ ಕೈಯಲ್ಲಿ ಕಾಸು ಉಳಿಯಲಿಲ್ಲ. ಮೂರೂ ಗುಡ್ಡೆಯ ಮೇಲಿನ ಚಪ್ಪಟೆ ಕಲ್ಲಿನಡಿ ಇದ್ದವು.

ಡಬ್ಬಿ ಇಟ್ಟ ವರ್ಷ ಕಲ್ಲಿನ ಮೇಲೆ ಹದಿಮೂರು ಗೆರೆಗಳಿದ್ದವು.

ಒಗಟು ಕಟ್ಟಿದವರು ಲೆಕ್ಕದ ಮೇಷ್ಟ್ರು. ಲೈನಿನ ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಹೇಳಿ ನಿವೃತ್ತರಾದವರು. ಯಾಕಮ್ಮ ಅವರ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಅವರೂ ಗೊತ್ತಿರಲಿಲ್ಲ ಎನ್ನಬಹುದಿತ್ತು, ಎನ್ನಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕತ್ತಿಯಕ್ಕ ಅವರನ್ನು ತಡೆದು ಕೇಳಿದಾಗ ಮೇಷ್ಟ್ರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ನಿಧಾನವಾಗಿ ತಿರುಗಿದರು.

"ಗೊತ್ತು ಕಣಮ್ಮ. ಗೊತ್ತಿದ್ದೇ ಮಾಡಿದ್ದು. ಒಂದು ಮಾತು ಹೇಳು, ಇಷ್ಟು ವರ್ಷ ಅಲ್ಲಿಗೆ ಯಾರು ಬರ್ತಿದ್ರು? ನೀನು, ನಿನ್ನ ಗಂಡ. ಈಗ ನೋಡು, ರಜಾ ಬಂದ್ರೆ ನೂರು ಜನ. ನಿನ್ನ ಮಗಳ ಕಲ್ಲು ಮುಟ್ಟಿ ನೋಡ್ತಾರೆ, ಎಣಿಸ್ತಾರೆ. ಎಂಥೆಂಥವರಿಗೂ ಆ ಭಾಗ್ಯ ಇಲ್ಲ."

"ಭಾಗ್ಯ ನಿಮ್ಮ ಮನೆಯವರಿಗೇ ಇರ್ಲಿ ಮೇಷ್ಟ್ರೇ. ಡಬ್ಬಿ ತೆಗೀರಿ."

"ನಾನು ಒಗಟು ಕಟ್ಟೋನು. ಡಬ್ಬಿ ಇಡೋದು ತೆಗೆಯೋದು ನನ್ನ ಕೈಲಿಲ್ಲ." ಅಷ್ಟು ಹೇಳಿ, ತಡೆಯಲಾರದೆ, ಒಗಟು ಹೇಗಿದೆ ಕೇಳು ಎಂದು ಅವಳ ಮುಂದೆಯೇ ಹಾಡಿದರು:

*ನಿಂತಲ್ಲೇ ನಿಂತವಳು, ಬಾಯೊಂದು ಇಲ್ಲದವಳು,*
*ಮೈಮೇಲೆ ಗೆರೆ ಹೊತ್ತವಳು, ಎಂದೆಂದೂ ಬೆಳೆಯದವಳು,*
*ಗೆರೆಯೆಣಿಸಿ ಬಂದವರಿಗೆ ಬಾಗಿಲು ತೆರೆಯುವವಳು.*

"ಪ್ರಾಸ ಹೇಗಿದೆ?" ಎಂದರು.

ಕತ್ತಿಯಕ್ಕ ಮೆಟ್ಟಿಲಿಳಿದು ಹೊರಟಳು. ಬಾಯಿಲ್ಲದವಳು ಎಂಬ ಮಾತು ಅವಳ ಕಿವಿಯಲ್ಲಿ ಮನೆ ತಲುಪುವವರೆಗೂ ಕೂತಿತ್ತು.

ಜನ ಬಂದರು. ಬೆನ್ನಿಗೆ ಚೀಲ, ತಲೆಗೆ ಟೋಪಿ, ಕೈಯಲ್ಲಿ ಪುಸ್ತಿಕೆ. ಸಮಾಧಿ ಎಂದು ತಿಳಿಯುವಂಥ ಗುರುತು ಅಲ್ಲೇನೂ ಇರಲಿಲ್ಲ. ಹೆಸರು ಕೆತ್ತಿಸಬಲ್ಲವರಿಗೆ ಮಾತ್ರ ಸಮಾಧಿಗಳಿರುತ್ತವೆ. ಕಲ್ಲು ಎತ್ತಿದರು, ಗೆರೆ ಎಣಿಸಿದರು, ಬೀಗದಲ್ಲಿ ಒಂದು, ಮೂರು ತಿರುಗಿಸಿದರು, ಬೀಗ ತೆರೆಯಿತು, ಚಪ್ಪಾಳೆ ತಟ್ಟಿದರು. ಎರಡು ತಿಂಗಳಾಗಿರಬಹುದು, ಒಂದು ದಿನ ಕತ್ತಿಯಕ್ಕ ಚಪ್ಪಟೆ ಕಲ್ಲು ಎತ್ತಿ ನೋಡಿದರೆ ಬಾಚಣಿಗೆ ಇರಲಿಲ್ಲ. ಕ್ಲಿಪ್ಪೂ ಇಲ್ಲ, ಕನ್ನಡಿಯೂ ಇಲ್ಲ. ಅವುಗಳ ಜಾಗದಲ್ಲಿ ಪ್ಲಾಸ್ಟಿಕ್ಕಿನ ಒಂದು ಆನೆ, ಯಾವುದೋ ಟೈರು ಕಂಪನಿಯ ಕೀಚೈನು, ಮತ್ತು ಒಂದು ಸವೆದ ರಬ್ಬರು.

ಅವಳು ಆಫೀಸಿಗೆ ಓಡಿದಳು. ಸೂಪರ್‌ವೈಸರ್ ಚಹಾ ಕುಡಿಯುತ್ತಿದ್ದ.

"ಸಾರ್, ನನ್ನ ಮಗಳ ಸಾಮಾನು ಕದ್ದಿದ್ದಾರೆ."

"ಬದಲಿಗೆ ಏನಾದ್ರೂ ಇಟ್ಟಿದ್ದಾರಾ?"

"ಇಟ್ಟಿದ್ದಾರೆ. ಆನೆ."

"ಹಾಗಾದ್ರೆ ಕದ್ದಿಲ್ಲ ಕಣಕ್ಕಾ. ಒಂದು ತಗೊಂಡ್ರೆ ಒಂದು ಇಡಬೇಕು, ಅದೇ ಆಟದ ರೂಲು. ಡಬ್ಬಿಲಿ ಜಾಗ ಸಾಲ್ದೆ ಹೊರಗಿಟ್ಟಿರೋದು ಅಂದ್ಕೊಂಡಿರ್ತಾರೆ." ಅವನು ನಿಜವಾಗಿಯೂ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದ. "ಬಾಚಣಿಗೆಗೆ ಆನೆ. ನಿಮಗೇ ಲಾಭ ಅಲ್ವಾ?"

ಪಕ್ಕದ ಮೇಜಿನಲ್ಲಿ ಟಿಕೆಟ್ಟು ಹರಿಯುವ ಹೆಂಗಸು ಮುಖ ಆಚೆ ತಿರುಗಿಸಿ ನಕ್ಕಳು. ಬೆಕ್ಕಿಗೆ ಚೆಲ್ಲಾಟವಾದರೆ ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಒಂದು ಸುಳ್ಳಿದೆ. ಬೆಕ್ಕಿಗೆ ಹಸಿವಾದರೂ ಇರುತ್ತದೆ.

ಆ ವರ್ಷವೂ ಮಗಳು ಹುಟ್ಟಿದ ದಿನ ಬಂತು. ಕಲ್ಲುಕುಟಿಗನ ಎದೆಯಲ್ಲಿ ಅಷ್ಟರಲ್ಲಿ ಇಪ್ಪತ್ತೆರಡು ವರ್ಷದ ಕಲ್ಲಿನ ಪುಡಿ ಗಟ್ಟಿಯಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕೂರಬೇಕು. ತಿರುವು ತಲುಪುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಎರಡು ಏಟು ಹಾಕುತ್ತಿದ್ದ, ಕೆಮ್ಮುತ್ತಿದ್ದ, ಮತ್ತೆರಡು ಏಟು. ಹೆಂಡತಿ ಉಳಿ ಹಿಡಿದುಕೊಂಡಳು. "ಅಲ್ಲಾಡಿಸಬೇಡವೇ, ಗೆರೆ ಸೊಟ್ಟ ಆದ್ರೆ ಯಾಕೆ ಸೊಟ್ಟ ಅಂತ ಕೇಳ್ತಾಳೆ," ಎಂದ. ಅವಳು ನಕ್ಕಳು. ನೆತ್ತಿಯ ಮೇಲೆ ಬಿಸಿಲು ಬರುವ ಹೊತ್ತಿಗೆ ಹದಿನಾಲ್ಕನೆಯ ಗೆರೆ ನೆಟ್ಟಗೆ ನಿಂತಿತು. ಅದು ಅವನು ಕೊರೆಯುವ ಕೊನೆಯ ಗೆರೆಯೆಂದು ಇಬ್ಬರಿಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ಅವರಿಗೆ ಬೀಗದ ನೆನಪು ಬರಲಿಲ್ಲ, ಬೀಗ ಇಟ್ಟವರಿಗೆ ಆ ಹುಡುಗಿ ಬೆಳೆಯುತ್ತಾಳೆ ಎಂದು ಹೊಳೆಯಲಿಲ್ಲ.

ಅದೇ ವಾರದ ಭಾನುವಾರ ದೊಡ್ಡ ಪಂದ್ಯವಿತ್ತು. ಐವತ್ತು ತಂಡ, ಬಹುಮಾನ, ಪತ್ರಿಕೆಯವರು. ಶುಕ್ರವಾರ ಮಧ್ಯಾಹ್ನ ಬಹುಮಾನ ಕೊಡುವ ಕಂಪನಿಯ ಆರು ಜನ ದಾರಿ ಪರೀಕ್ಷೆ ಮಾಡಲು ಹೊರಟರು. ಕತ್ತಿಯಕ್ಕ ಕೊಳದ ಏರಿಯಲ್ಲಿದ್ದಳು. ಗಣಿಯ ಕಡೆಯಿಂದ ಕಲ್ಲು ಉರುಳುವ ಸದ್ದು ಕೇಳಿತು. ಒಂದಲ್ಲ, ಒಂದರ ಹಿಂದೊಂದು.

ಅವಳು ಹೋಗುವಷ್ಟರಲ್ಲಿ ಗುಡ್ಡೆ ಇರಲಿಲ್ಲ. ಆ ಆರು ಜನ ಗೆರೆ ಎಣಿಸಿ ಹದಿನಾಲ್ಕು ತಿರುಗಿಸಿದ್ದರು, ಬೀಗ ತೆರೆದಿರಲಿಲ್ಲ. ಇದು ಕಣ್ಣುಕಟ್ಟಿನ ಡಬ್ಬಿ, ನಿಜವಾದದ್ದು ಇನ್ನೂ ಕೆಳಗಿದೆ ಎಂದು ಒಬ್ಬ ಹೇಳಿದ್ದ. ಕಲ್ಲುಗಳನ್ನೆಲ್ಲ ದಾರಿಯ ತುಂಬ ಎಳೆದುಹಾಕಿದ್ದರು. ಒಬ್ಬ ನಡೆಗೋಲಿನ ತುದಿಯಿಂದ ಮಣ್ಣು ಕೆದಕುತ್ತಿದ್ದ. ಇನ್ನೊಬ್ಬಳು ಚಪ್ಪಟೆ ಕಲ್ಲಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು.

"ಅಕ್ಕಾ, ನೀವು ಇಲ್ಲಿಯವರೇ ಅಲ್ವಾ?" ಎಂದ ಕೋಲಿನವ. "ಒಂದು ಸಣ್ಣ ಸುಳಿವು ಕೊಡಿ. ಯಾರಿಗೂ ಹೇಳಲ್ಲ."

ಕತ್ತಿ ಅವಳ ಕೈಯಲ್ಲಿತ್ತು. ಕತ್ತಿಯನ್ನು ಅವಳು ಬೇಲಿಗೆ ಒರಗಿಸಿದಳು. ಯಾಕೆಂದರೆ ಕೈಯಲ್ಲಿದ್ದರೆ ಏನಾಗುತ್ತದೆ ಎಂದು ಅವಳಿಗೆ ತಿಳಿದಿತ್ತು.

"ಹದಿಮೂರು ಹಾಕಿ," ಎಂದಳು. "ಹಾಕಿ, ಹೋಗಿ."

ಬೀಗ ತೆರೆಯಿತು. ಹೋ ಎಂದು ಕೂಗಿದರು. ಬ್ರೆಡ್ಡಿನವಳು ಎದ್ದು ಬಂದು, "ಹದಿನಾಲ್ಕು ಗೆರೆ ಇದೆ, ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

"ಹೋದ ವರ್ಷ ಅವಳಿಗೆ ಹದಿಮೂರು."

"ಯಾರಿಗೆ?"

ಕತ್ತಿಯಕ್ಕ ಕೆದಕಿದ ಮಣ್ಣಿನ ಕಡೆ ನೋಡಿದಳು. ಆ ಹೆಂಗಸೂ ನೋಡಿದಳು. ಅರ್ಥವಾಯಿತು. ಮುಖ ಬಿಳಿಚಿತು, ಕೈ ಬಾಯಿಗೆ ಹೋಯಿತು, "ಅಯ್ಯೋ ಸಾರಿ, ಸಾರಿ ಅಕ್ಕಾ," ಎಂದಳು. ಆಮೇಲೆ ಕೋಲಿನವನು ಚಾಚಿದ ನೋಟ್‌ಬುಕ್ಕು ತೆಗೆದುಕೊಂಡು ತನ್ನ ಹೆಸರು ಬರೆದಳು. ಬರೆದು, ತಾರೀಕು ಹಾಕಿ, ಕೆಳಗೊಂದು ಗೆರೆಯನ್ನೂ ಎಳೆದಳು. ಆರು ಜನವೂ ಎಂಟನೆಯ ಡಬ್ಬಿಯ ಕಡೆ ನಡೆದರು.

ಕತ್ತಿಯಕ್ಕ ಕತ್ತಲಾಗುವವರೆಗೂ ಕಲ್ಲು ಜೋಡಿಸಿದಳು.

ಶನಿವಾರ ಬೆಳಿಗ್ಗೆ ಅವಳಿಗೆ ಕರೆ ಬಂತು. ಆಫೀಸಿನಲ್ಲಿ ಸೂಪರ್‌ವೈಸರ್ ನಿಂತಿದ್ದ, ಮೇಷ್ಟ್ರು ಕೂತಿದ್ದರು. ಮೇಜಿನ ಮೇಲೆ ಪುಸ್ತಿಕೆಗಳ ಕಟ್ಟು.

"ಗೆರೆ ಕೊರೆದಿದ್ದು ಯಾರು?" ಎಂದ ಸೂಪರ್‌ವೈಸರ್.

"ಅವಳಪ್ಪ."

"ಯಾರನ್ನ ಕೇಳಿ?"

"ಡಬ್ಬಿ ಇಟ್ಟಾಗ ನೀವು ಯಾರನ್ನ ಕೇಳಿದ್ರಿ?"

"ಬಾಯಿ ಬೆಳೀತಾ ಇದೆ ನಿಂದು." ಅವನ ಬಹುವಚನ ಅಲ್ಲಿಗೆ ಮುಗಿಯಿತು. "ನಾಳೆ ಐವತ್ತು ತಂಡ ಬರ್ತಾವೆ. ಬೀಗದ ನಂಬರು ಕಾರ್ಖಾನೆಲೇ ಕೂರಿಸಿರೋದು, ಬದಲಾಗಲ್ಲ. ಬೇರೆ ಬೀಗ ಬರೋಕೆ ವಾರ ಬೇಕು. ಪುಸ್ತಕ ಪ್ರಿಂಟಾಗಿದೆ. ಇರೋದು ಒಂದೇ ದಾರಿ. ಆ ಗೆರೆ ಮುಚ್ಚಬೇಕು. ಸಿಮೆಂಟಿಗೆ ಅದೇ ಕಲ್ಲಿನ ಪುಡಿ ಕಲಸಿ ತುಂಬಿ, ಉಜ್ಜಿಬಿಟ್ರೆ ಗೊತ್ತೇ ಆಗಲ್ಲ. ಆ ಕೆಲಸ ನಿನ್ನ ಗಂಡನಿಗಿಂತ ಚೆನ್ನಾಗಿ ಯಾರಿಗೆ ಬರುತ್ತೆ? ಕರ್ಕೊಂಡು ಬಾ."

"ಒಂದೇ ಒಂದು ಗೆರೆ ತಾನೇ ಕಣಮ್ಮ," ಎಂದರು ಮೇಷ್ಟ್ರು. "ಹದಿಮೂರು ಹಾಗೇ ಇರ್ತಾವೆ."

"ನೀವು ಲೆಕ್ಕ ಹೇಳಿಕೊಟ್ಟೋರು ಮೇಷ್ಟ್ರೇ. ಹದಿಮೂರಾದ ಮೇಲೆ ಎಷ್ಟು ಬರುತ್ತೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ಕೇಳು," ಎಂದ ಸೂಪರ್‌ವೈಸರ್, ದನಿ ತಗ್ಗಿಸಿ. "ಆ ಜಾಗ ಯಜಮಾನರದ್ದು. ಗುಡ್ಡೆ ಇರೋದು ಅವರ ದಯೆಯಿಂದ. ನೀವಿರೋ ಕೋಣೆನೂ ಅಷ್ಟೆ. ಒಂದು ಟ್ರಾಕ್ಟರು ಬಂದ್ರೆ ತಿರುವೇ ಇರಲ್ಲ. ನಾನು ಹೆದರಿಸ್ತಿಲ್ಲ. ಇರೋದು ಹೇಳ್ತಿದೀನಿ."

ಅವಳು ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದಳು. ಅವನು ಗೋಡೆಗೆ ಒರಗಿ ಕೂತು, ಎರಡು ದಿಂಬು ಬೆನ್ನಿಗೆ ಕೊಟ್ಟುಕೊಂಡು ಕೇಳಿದ.

"ಮುಚ್ಚೋಣ," ಎಂದ.

"ಏನಂದ್ರಿ?"

"ಮುಚ್ಚೋಣ. ಈ ಕೋಣೆ ಬಿಟ್ಟು ನಾನು ಎಲ್ಲಿ ಹೋಗಿ ಉಸಿರಾಡಲಿ? ಪಂದ್ಯ ಮುಗೀಲಿ, ಮತ್ತೆ ಕೊರೀತೀನಿ."

"ಎಲ್ಲಿಂದ ಕೊರೀತೀರಿ? ಆವತ್ತು ಉಳಿ ಹಿಡಿದಿದ್ದು ನಾನು. ನಿಮ್ಮ ಕೈ ಎಷ್ಟು ನಡುಗ್ತಿತ್ತು ಅಂತ ನನಗೊಬ್ಬಳಿಗೇ ಗೊತ್ತು."

ಅವನು ಅವಳ ಮುಖ ನೋಡಲಿಲ್ಲ. "ಅವಳಿಗೇನು ಗೊತ್ತಾಗುತ್ತೆ ಹೇಳು," ಎಂದ.

ಐದು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಅದನ್ನು ಅವನ ಬಾಯಿಂದ ಹೊರಡಿಸಲು ಯಜಮಾನರು ಬರಬೇಕಾಗಲಿಲ್ಲ, ಟ್ರಾಕ್ಟರೂ ಬರಬೇಕಾಗಲಿಲ್ಲ. ಒಂದು ಪುಸ್ತಿಕೆಯ ಕಟ್ಟು ಸಾಕಾಯಿತು. ಹೆಂಡತಿ ಅವನ ಚಪ್ಪಲಿ ತಂದು ಮುಂದಿಟ್ಟಳು. "ನಡೀರಿ. ಅಲ್ಲೇ ಬಂದು ಇದೇ ಮಾತು ಹೇಳಿ."

ತಿರುವಿಗೆ ಅವನನ್ನು ಆಫೀಸಿನ ಜೀಪಿನಲ್ಲಿ ಕರೆತಂದರು. ಬದುಕಿನಲ್ಲಿ ಮೊದಲ ಸಲ ಅವನು ಅದರ ಮುಂದಿನ ಸೀಟಿನಲ್ಲಿ ಕೂತಿದ್ದ. ಕಬ್ಬಿಣದ ಬಾಣಲೆಯಲ್ಲಿ ಸಿಮೆಂಟು ಕಲಸಿ ಸಿದ್ಧವಾಗಿತ್ತು. ಸೂಪರ್‌ವೈಸರ್ ಕರಣೆಯನ್ನು ಅವನ ಕೈಗೆ ಕೊಟ್ಟ. ಮೇಷ್ಟ್ರು ತುಸು ದೂರ, ಬೇಲಿಯ ಆಚೆ, ಏನೋ ಗಿಡ ನೋಡುವವರಂತೆ ನಿಂತಿದ್ದರು.

ಕಲ್ಲುಕುಟಿಗ ಮಂಡಿಯೂರಿದ. ಕರಣೆಯ ತುದಿಯಲ್ಲಿ ಚೂರು ಸಿಮೆಂಟು ಎತ್ತಿದ. ಎಡಗೈ ಬೆರಳಿನಿಂದ ಗೆರೆ ಹುಡುಕಿದ. ಹುಡುಕಬೇಕಾಗಿರಲಿಲ್ಲ, ಹೊಸ ಗೆರೆ ಇನ್ನೂ ಬೆಳ್ಳಗಿತ್ತು. ಬೆರಳು ಒಂದನೆಯದರಿಂದ ಶುರುಮಾಡಿತು. ಎರಡು, ಮೂರು. ಒಂಬತ್ತರ ಮೇಲೆ ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಕೆಮ್ಮು ಬಂತು. ಕರಣೆ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಅವನು ಎರಡೂ ಕೈ ನೆಲಕ್ಕೂರಿ ಕೆಮ್ಮುತ್ತಲೇ ಇದ್ದ. ಎಂಜಲಿನಲ್ಲಿ ಕೆಂಪು ಕಾಣಿಸಿತು.

"ಸರಿ, ಇವನ ಕೈಲಾಗಲ್ಲ," ಎಂದು ಸೂಪರ್‌ವೈಸರ್ ಗಡಿಯಾರ ನೋಡಿಕೊಂಡ. ಕರಣೆ ಎತ್ತಿ ಕತ್ತಿಯಕ್ಕನ ಕಡೆ ಚಾಚಿದ. "ತಗೋ. ನೀನೇ ತುಂಬು. ಸಿಮೆಂಟು ಗಟ್ಟಿಯಾಗ್ತಿದೆ."

ಅವಳು ಗಂಡನ ಬೆನ್ನು ನೀವುತ್ತಿದ್ದಳು. ನೀವುವುದನ್ನು ನಿಲ್ಲಿಸಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು."

"ಹಾಗಾದ್ರೆ ತಗೋ."

ಅವಳು ಎದ್ದಳು. ಕರಣೆ ತೆಗೆದುಕೊಳ್ಳಲಿಲ್ಲ. ಗುಡ್ಡೆ ಬಳಸಿ ಬಂದು, ನಿಲ್ಲಿಸಿದ ಕಲ್ಲಿಗೆ ಬೆನ್ನು ಕೊಟ್ಟು, ಸೀರೆಯ ನೆರಿಗೆ ಮಂಡಿಗೆ ಎಳೆದುಕೊಂಡು ಕೂತಳು. ಹದಿನಾಲ್ಕೂ ಗೆರೆಗಳು ಅವಳ ಬೆನ್ನಿನ ಹಿಂದೆ ಹೋದವು.

"ನಾನು ತುಂಬಲ್ಲ," ಎಂದಳು.

"ಯೋಚನೆ ಮಾಡು. ಕೋಣೆ ಖಾಲಿ ಮಾಡಬೇಕಾಗುತ್ತೆ."

"ಗೊತ್ತು."

ಸೂಪರ್‌ವೈಸರ್ ಬೇಲಿಯ ಕಡೆ ತಿರುಗಿ, "ಮೇಷ್ಟ್ರೇ, ನೀವಾದ್ರೂ ಹೇಳ್ರೀ," ಎಂದು ಕೂಗಿದ. ಬೇಲಿಯ ಆಚೆ ಯಾರೂ ಇರಲಿಲ್ಲ. ದೂರದಲ್ಲಿ ಸೈಕಲ್ಲಿನ ಸದ್ದು ಕೇಳಿಸುತ್ತಿತ್ತು. ಅವನು ಶರಟಿನ ತೋಳು ಮಡಚಿದ. ಬಾಣಲೆ ಎತ್ತಿಕೊಂಡು ಅವಳ ಮುಂದೆ ಬಂದು ನಿಂತ.

"ನೀನು ತುಂಬಬೇಡ. ನಾನೇ ತುಂಬ್ತೀನಿ. ಪಕ್ಕಕ್ಕೆ ಸರಿ."

"ಸರಿಯಲ್ಲ."